ಊಟದ ಚಿಂತೆ ಬೇಡ, ಅಡುಗೆ ನಾನೇ ಮಾಡ್ಕೊಳ್ತೀನಿ

ಪ್ರೀತಿಯ ಅಮ್ಮ, ಅಪ್ಪನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಫೋನ್ ಮಾಡಿದಾಗಲೆಲ್ಲ ಅಮ್ಮ ಮೊದಲು ಕೇಳುವುದೇ "ಏನು ತಿಂದೆ?" ಅಂತ. ಗಡಿಬಿಡಿಯಲ್ಲಿ ಸರಿಯಾಗಿ ಹೇಳಲು ಆಗುವುದಿಲ್ಲ, ಅದಕ್ಕೇ ಈ ಪತ್ರ. ಈಗ ಹೆಚ್ಚುಕಮ್ಮಿ ದಿನಾ ಮನೆಯಲ್ಲೇ ಅಡುಗೆ.

ಹೋಟೆಲ್ ಊಟ ಕೆಟ್ಟದ್ದು ಅಂತಲ್ಲ. ಸ್ನೇಹಿತರ ಜೊತೆ ಕೂತು ತಿನ್ನುವ ಖುಷಿಯೇ ಬೇರೆ. ಆದರೆ ಅಲ್ಲಿ ಮೊದಲ ತುತ್ತಿಗೇ ರುಚಿ ಹಿಡಿಯಬೇಕು, ಅಲ್ವಾ? ಹಾಗಾಗಿ ಉಪ್ಪು, ಬೆಣ್ಣೆ, ಸಕ್ಕರೆ ಧಾರಾಳವಾಗಿ ಬೀಳುತ್ತವೆ. ದಿನಾ ತಿಂದರೆ ಎಷ್ಟು ಒಳಗೆ ಹೋಯಿತು ಅಂತ ತಿಳಿಯುವುದೇ ಇಲ್ಲ.

ಕೆಲಸ ಮುಗಿಸಿ ಸುಸ್ತಾಗಿ ಬಂದು ಒಲೆ ಹಚ್ಚುವುದು ಕಷ್ಟ, ನಿಜ. ಅಷ್ಟರಲ್ಲಿ ಅರ್ಧ ಕೆಲಸ ಆಗಿರಬೇಕು. ರಜೆಯ ದಿನ ಈರುಳ್ಳಿ ಜಾಸ್ತಿ ಹೆಚ್ಚಿ, ಒಟ್ಟಿಗೆ ಹುರಿದಿಡುತ್ತೇನೆ. ಇದಕ್ಕೆ ಅವಸರ ಸಲ್ಲದು. ಅದರ ನೀರು ಆರುವ ತನಕ ಈರುಳ್ಳಿಯ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಮೆತ್ತಗಾಗುತ್ತದೆ, ಬಣ್ಣ ಬರುವುದಿಲ್ಲ. ನೀರು ಹೋದ ಮೇಲೆ ಬಾಣಲೆಯ ಸದ್ದೇ ಬದಲಾಗುತ್ತದೆ, ಅಂಚು ಕೆಂಪಗಾಗುತ್ತದೆ. ಆಗ ತಳ ಹಿಡಿದರೆ ಇನ್ನಷ್ಟು ಎಣ್ಣೆ ಬೇಡ. ಒಂದು ಚಮಚ ನೀರು ಹಾಕಿ ಕೆರೆದರೆ ಸಾಕು, ತಳದ ಕಂದು ಬಣ್ಣವೆಲ್ಲ ಈರುಳ್ಳಿಗೇ ಹತ್ತುತ್ತದೆ. ಹೋಟೆಲ್ ರುಚಿ ಅಂತೀವಲ್ಲ ಅಮ್ಮ, ಅದರಲ್ಲಿ ಬಹಳಷ್ಟು ಇದೇ! ಆರಿದ ಮೇಲೆ ಸಣ್ಣ ಸಣ್ಣ ಡಬ್ಬಿಗೆ ತುಂಬಿ ಫ್ರೀಜರ್‌ಗೆ ಹಾಕುತ್ತೇನೆ. ಬೇಯಿಸಿದ ಕಾಳೂ ಹಾಗೇ. ಸಂಜೆ ಬಂದು ಒಂದು ಡಬ್ಬಿ ತೆಗೆದರೆ, ಹೊರಗಿನಿಂದ ತರಿಸಿದ ಊಟ ಬಾಗಿಲಿಗೆ ಬರುವ ಮೊದಲೇ ನನ್ನ ಊಟ ಆಗಿರುತ್ತದೆ.

ಅನ್ನ ಉಳಿದರೆ ಮಾತ್ರ ಹೊರಗಿಡುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಗಂಟೆಯೊಳಗೆ ಫ್ರಿಜ್ ಸೇರಿಸುತ್ತೇನೆ. ಅಕ್ಕಿಯಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಟ್ಟರೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಮ್ಮ, ನೀನೂ ರಾತ್ರಿಯ ಅನ್ನವನ್ನು ಪಾತ್ರೆಯಲ್ಲೇ ಬಿಟ್ಟು ಮಲಗಬೇಡ.

ಅಪ್ಪ, ನಿಮ್ಮ ಬಿಪಿ ವಿಷಯ ಮನಸ್ಸಿನಲ್ಲೇ ಇದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಹೊರಗೆ ತಿಂದದ್ದರ ಉಪ್ಪೂ ಅದರಲ್ಲೇ ಬಂತು. ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ ನೋಡಿ, ಉಪ್ಪು ಕಡಿಮೆ ಆದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಇನ್ನೊಂದು ಕೆಲಸ ಮಾಡಿ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ನಿಮ್ಮಿಬ್ಬರಿಗೆ ಒಂದು ಕಿಲೋ ಕನಿಷ್ಠ 100 ದಿನ ಬರಬೇಕು. ಅದಕ್ಕೂ ಮೊದಲೇ ಖಾಲಿಯಾದರೆ ಫೋನಿನಲ್ಲಿ ಹೇಳಿ, ಎಲ್ಲಿ ಕಡಿಮೆ ಮಾಡಬಹುದು ಅಂತ ಕೂತು ನೋಡೋಣ.

ನಿಮ್ಮ ಮಗಳು