ಸಚಿವರೇ, ಮುಂದಿನ ಸಮ್ಮೇಳನಕ್ಕೆ ಮೇಸ್ತ್ರಿಗಳನ್ನೂ ಕಳಿಸಿ

ಕಾರ್ಮಿಕ ಮತ್ತು ಕೌಶಲ್ಯಾಭಿವೃದ್ಧಿ ಸಚಿವರಿಗೆ,

ನಮಸ್ಕಾರ. ಕಟ್ಟಡ ಕೆಲಸದ ಕೌಶಲ್ಯ, ತರಬೇತಿ ಅಂತ ನಡೆಯುವ ಸಮ್ಮೇಳನಗಳಿಗೆ ನಿಮ್ಮನ್ನು ಕರೆಯುತ್ತಲೇ ಇರುತ್ತಾರೆ. ನೀವು ಬರುತ್ತೀರಿ, ಭಾಷಣ ಮಾಡುತ್ತೀರಿ, ಮುಂದಿನ ಕಾರ್ಯಕ್ರಮಕ್ಕೆ ಹೊರಡುತ್ತೀರಿ. ತಪ್ಪೇನಿಲ್ಲ, ನಿಮ್ಮ ಕೆಲಸವೇ ಹಾಗೆ. ಆದರೆ ಅಸಲಿ ಸಮ್ಮೇಳನ ಶುರುವಾಗುವುದು ನಿಮ್ಮ ಕಾರು ಗೇಟು ದಾಟಿದ ಮೇಲೆ. ಆಗ ಹಾಲ್‌ನಲ್ಲಿ ಉಳಿಯುವವರು ಯಾರು? ಬಿಲ್ಡರ್‌ಗಳು, ಅಧಿಕಾರಿಗಳು, ಸಿಮೆಂಟು ಮಾರುವವರು, ನನ್ನಂಥ ಸೈಟ್ ಎಂಜಿನಿಯರ್‌ಗಳು. ಇಟ್ಟಿಗೆ ಕಟ್ಟುವವರು, ಸರಳು ಬಗ್ಗಿಸುವವರು, ಸೆಂಟ್ರಿಂಗ್ ಹೊಡೆಯುವವರು ಹುಡುಕಿದರೂ ಸಿಗುವುದಿಲ್ಲ. ದಿನವಿಡೀ ಮಾತೆಲ್ಲ ಅವರ ಬಗ್ಗೆಯೇ.

ಇಂಥ ಸಮ್ಮೇಳನದಿಂದ ಏನು ಉಪಯೋಗ, ಸುಮ್ನೆ ಒಂದು ಬ್ಯಾಗು, ಒಂದು ಪೆನ್ನು ತಗೊಂಡು ಬರುವುದು ಅಂತ ನಮ್ಮವರೇ ತಮಾಷೆ ಮಾಡುತ್ತಾರೆ. ಕೆಲವು ಗೋಷ್ಠಿಗಳು ಹಾಗೇ ಇರುತ್ತವೆ, ಒಪ್ಪುತ್ತೇನೆ. ಎರಡು ದಿನ ಕೂತರೆ ಯಾರೂ ಗಾರೆ ಕೆಲಸ ಕಲಿಯುವುದಿಲ್ಲ. ಕಲಿಕೆಗೆ ವರ್ಷಗಳು ಬೇಕು. ಆದರೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೂ ಕಾಣದೇ ಉಳಿದದ್ದನ್ನು ಅಲ್ಲಿ ಹತ್ತು ನಿಮಿಷದಲ್ಲಿ ತೋರಿಸಬಹುದು.

ಒಮ್ಮೆ ಟೈಲ್ಸ್ ಕೂರಿಸುವ ಡೆಮೊ ನೋಡಿದೆ. ತೋರಿಸುತ್ತಿದ್ದವರು ಮೊದಲು ಟೈಲ್‌ನ ಹಿಂದೆ ಅಲ್ಲಲ್ಲಿ ಅಂಟಿನ ಮುದ್ದೆ ಇಟ್ಟು ಗೋಡೆಗೆ ಒತ್ತಿದರು. ಬಹಳಷ್ಟು ಸೈಟುಗಳಲ್ಲಿ ನಡೆಯುವುದು ಹಾಗೆಯೇ. ಹೊರಗಿನಿಂದ ನೋಡಲು ಚೊಕ್ಕವಾಗಿತ್ತು. ಆಮೇಲೆ ಅದನ್ನು ಕಿತ್ತು ತಿರುಗಿಸಿದರು. ಹಿಂಭಾಗದ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವುದು ಅದಕ್ಕೇ. ಮೂಲೆಗೆ ಏನಾದರೂ ಬಿದ್ದರೆ ಒಡೆಯುವುದೂ ಅದಕ್ಕೇ. ಎರಡನೇ ಸಲ ಹಲ್ಲಿರುವ ಕರಣೆ ತಗೊಂಡು ಅಂಟನ್ನು ನೇರ ಗೆರೆಗಳಾಗಿ ಎಳೆದರು. ಟೈಲನ್ನು ಗೆರೆಗಳಿಗೆ ಅಡ್ಡಲಾಗಿ ಸ್ವಲ್ಪ ಹಿಂದೆ ಮುಂದೆ ಜರುಗಿಸಿ ಒತ್ತಿದರು. ಮತ್ತೆ ಕಿತ್ತರು. ಈ ಸಲ ಹಿಂಭಾಗ ಹೆಚ್ಚುಕಮ್ಮಿ ಪೂರ್ತಿ ಅಂಟು. ಗೆರೆಗಳು ಸುರುಳಿ ಸುರುಳಿಯಾಗಿದ್ದರೆ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ನೇರವಾಗಿದ್ದರೆ ಪಕ್ಕದಿಂದ ಹೊರಗೆ ಹೋಗುತ್ತದೆ. ವಿಷಯ ಇಷ್ಟೇ. ನನ್ನ ಪಕ್ಕ ನಿಂತಿದ್ದ ಮೇಸ್ತ್ರಿಯೊಬ್ಬರು, ಅಂದು ಅಲ್ಲಿಗೆ ಬಂದಿದ್ದವರು ಅವರೊಬ್ಬರೇ ಇರಬೇಕು, "ಇಷ್ಟು ವರ್ಷ ಟೈಲ್ ಕಂಪನಿಗೆ ಬೈತಿದ್ವಲ್ಲ ಸಾರ್" ಅಂದರು.

ಸೈಟಿನಲ್ಲಿ ಕೂರಿಸಿದ ಟೈಲನ್ನು ಯಾರೂ ಕಿತ್ತು ನೋಡುವುದಿಲ್ಲ. ಸಮಯವಿಲ್ಲ, ದುಡ್ಡು ದಂಡ. ಕಿತ್ತು ನೋಡಲು ಒಂದು ಜಾಗ ಬೇಕು, ಸಮ್ಮೇಳನ ಅಂಥ ಜಾಗ. ಅದೇ ಡೆಮೊವನ್ನು ಬಿಲ್ಡರ್ ನೋಡಿದರೆ ತಲೆ ಆಡಿಸಿ ಮುಂದಿನ ಸ್ಟಾಲಿಗೆ ಹೋಗುತ್ತಾರೆ. ಮೇಸ್ತ್ರಿ ನೋಡಿದರೆ ಮಾರನೇ ದಿನ ಅವರ ಕೈ ಬದಲಾಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಇದು ಇನ್ನೂ ಗಂಭೀರ. ಸೇಫ್ಟಿ ಬೆಲ್ಟ್ ಹಾಕಿಕೊಂಡರೆ ಸಾಕು ಅಂತ ಎಲ್ಲರೂ ನಂಬಿದ್ದಾರೆ. ಆದರೆ ಬೆಲ್ಟಿನ 1.8 ಮೀಟರ್ ಹಗ್ಗವನ್ನು ಕಾಲಿನ ಮಟ್ಟದಲ್ಲಿ ಕಟ್ಟಿಕೊಂಡವರು ಬಿದ್ದರೆ ಹಗ್ಗ ಬಿಗಿಯಾಗುವ ಮೊದಲೇ ಬಹಳ ದೂರ ಕೆಳಗೆ ಬಂದಿರುತ್ತಾರೆ. ಅದರ ಮೇಲೆ ಹೊಡೆತ ತಡೆಯುವ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಮನುಷ್ಯನ ಎತ್ತರವೂ ಸೇರುತ್ತದೆ. ಕೆಳಗೆ ಐದು ಮೀಟರ್‌ಗಿಂತ ಜಾಸ್ತಿ ಖಾಲಿ ಜಾಗ ಇಲ್ಲದಿದ್ದರೆ ಬೆಲ್ಟ್ ಇದ್ದೂ ನೆಲಕ್ಕೆ ಬಡಿಯಬಹುದು. ನೇತಾಡುತ್ತಿರುವವರನ್ನು ಬೇಗ ಇಳಿಸದಿದ್ದರೆ ಅದೂ ಜೀವಕ್ಕೆ ಅಪಾಯ. ಮರಳಿನ ಮೂಟೆಗೆ ಬೆಲ್ಟ್ ಕಟ್ಟಿ ಮೇಲಿಂದ ಬೀಳಿಸಿ ತೋರಿಸಿದಾಗ ಇದು ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಗೋಡೆಗೆ ಹಚ್ಚಿದ ಪೋಸ್ಟರ್ ನೋಡಿದರೆ ತಿಳಿಯುವುದಿಲ್ಲ. ಹಾಗಾದರೆ ಆ ಮೂಟೆ ಬೀಳುವುದನ್ನು ನೋಡಬೇಕಾದವರು ಯಾರು? ಮೇಲೆ ಹತ್ತುವವರು, ಅಲ್ವಾ?

ತರಬೇತಿ ಕೇಂದ್ರದ ಶಿಕ್ಷಕರನ್ನೂ ಮರೆಯಬೇಡಿ. ಸೈಟಿನಲ್ಲಿ ಎರಡು ಮೂರು ಮಿಲಿಮೀಟರ್ ಅಂಟಿನ ಮೇಲೆ ಹಗುರ ಬ್ಲಾಕ್ ಕೂರಿಸುತ್ತಿದ್ದೇವೆ. ಸರಳುಗಳ ತುದಿಗಳನ್ನು ಕಪ್ಲರ್ ಎಂಬ ಲೋಹದ ಕೊಳವೆ ಹಾಕಿ ಜೋಡಿಸುತ್ತಿದ್ದೇವೆ. ಕೆಲವು ಕೇಂದ್ರಗಳಲ್ಲಿ ಇನ್ನೂ ದಪ್ಪ ಗಾರೆಯ ಇಟ್ಟಿಗೆ ಗೋಡೆಯೇ ಪಾಠ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಹೊಸ ಸಾಮಾನು ತೋರಿಸಿದವರೇ ಇಲ್ಲ. ಕೆಲಸ ಕೊಡುವವರು ಮತ್ತು ಕೆಲಸ ಕಲಿಸುವವರು ಎದುರುಬದುರು ಕೂತು ಜಗಳ ಆಡಬಹುದಾದ ಜಾಗಗಳು ಬಹಳ ಕಡಿಮೆ ಇವೆ.

ಇಷ್ಟೆಲ್ಲ ಲಾಭವಿದ್ದರೆ ಕೆಲಸಗಾರರು ಯಾಕೆ ಬರುವುದಿಲ್ಲ? ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಯಿತು. ಉಳಿದ ಕಾರಣಗಳೆಲ್ಲ ಇದಕ್ಕಿಂತ ಚಿಕ್ಕವು. ಕಲಿಯಲು ಹೋದ ಸಮಯಕ್ಕೂ ಸಂಬಳ ಸಿಗಬೇಕು ಅನ್ನುವುದು ನಾನು ಈಗ ಹುಟ್ಟಿಸಿದ ಮಾತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1974ರಲ್ಲೇ ಇದಕ್ಕಾಗಿ 140ನೇ ಒಡಂಬಡಿಕೆ ಮಾಡಿದೆ. ಕೆಲಸದ ಸಮಯದಲ್ಲೇ, ಕೈಗೆ ಹಣ ಬರುವಂತೆ, ಕಲಿಕೆಗೆ ರಜೆ ಕೊಡಬೇಕು ಎನ್ನುತ್ತದೆ ಅದು. ಭಾನುವಾರ ಬನ್ನಿ ಅಂತ ಕರೆಯುವುದು ಇದಕ್ಕೆ ಉತ್ತರವಲ್ಲ. ಅವರಿಗಿರುವುದು ಅದೊಂದೇ ರಜೆ.

ಗುತ್ತಿಗೆದಾರರ ಭಯವೂ ಸುಳ್ಳಲ್ಲ. ನನ್ನ ಖರ್ಚಿನಲ್ಲಿ ಕಲಿತವರು ನಾಳೆ ಪಕ್ಕದ ಸೈಟಿಗೆ ಹೋದರೆ ಏನು ಮಾಡಲಿ ಅನ್ನುತ್ತಾರೆ. ಕಾರ್ಮಿಕರು ಸೈಟಿನಿಂದ ಸೈಟಿಗೆ ಹೋಗುವ ಈ ಉದ್ಯಮದಲ್ಲಿ ಒಬ್ಬೊಬ್ಬರೇ ಖರ್ಚು ಹೊರಲು ಹೊರಟರೆ ಯಾರೂ ಹೊರುವುದಿಲ್ಲ. ಅದಕ್ಕೇ ಬ್ರಿಟನ್ 1964ರಲ್ಲಿ ಕಟ್ಟಡ ಉದ್ಯಮಕ್ಕೆ ತರಬೇತಿ ಮಂಡಳಿ ಮಾಡಿ, ಮಾಲೀಕರಿಂದ ಲೆವಿ, ಅಂದರೆ ಕಡ್ಡಾಯ ವಂತಿಗೆ, ಎತ್ತಿ, ತರಬೇತಿ ಕೊಟ್ಟವರಿಗೆ ಅನುದಾನ ಕೊಡುವ ದಾರಿ ಹಿಡಿಯಿತು. ಜರ್ಮನಿಯಲ್ಲೂ ಕಟ್ಟಡ ಕಂಪನಿಗಳು ಸೋಕಾ ಬಾವ್ ಎಂಬ ಸಾಮಾನ್ಯ ನಿಧಿಗೆ ಹಣ ಕಟ್ಟುತ್ತವೆ. ಹುಡುಗರಿಗೆ ಕೆಲಸ ಕಲಿಸುವ ಕಂಪನಿಗೆ ಖರ್ಚಿನ ಭಾಗ ಅಲ್ಲಿಂದ ವಾಪಸ್ ಬರುತ್ತದೆ. ಎಲ್ಲರೂ ಕಟ್ಟುವುದರಿಂದ ಪಕ್ಕದವರು ಬಿಟ್ಟಿ ಲಾಭ ಪಡೆದರು ಅನ್ನುವ ತಕರಾರು ಕಡಿಮೆಯಾಗುತ್ತದೆ. ಸಮ್ಮೇಳನದ ದಿನಗಳ ಕೂಲಿಯನ್ನೂ ಇಂಥ ನಿಧಿಯಿಂದ ಕೊಡಲು ಏನು ಅಡ್ಡಿ?

ಇಲಾಖೆ ಹಣ ಕೊಡುವ ಯಾವುದೇ ಸಮ್ಮೇಳನದಲ್ಲಿ ಅರ್ಧ ಸೀಟು ಕೈಯಲ್ಲಿ ಕೆಲಸ ಮಾಡುವವರಿಗೆ ಇರಲಿ, ಕೂಲಿ ಕಡಿತವಾಗದೆ. ಅದರಲ್ಲಿ ಹೆಣ್ಣುಮಕ್ಕಳಿಗೂ ಪಾಲಿರಲಿ. ಎಷ್ಟೋ ಕಡೆ ವರ್ಷಗಟ್ಟಲೆ ಗಾರೆ ಹೊತ್ತರೂ ಅವರ ಕೈಗೆ ಕರಣೆ ಬರುವುದಿಲ್ಲ. ಭಾಷಣ ಕಡಿಮೆ ಮಾಡಿ, ಕೈಯಿಂದ ಮಾಡಿ ನೋಡುವ ಗೋಷ್ಠಿಗಳನ್ನು ಜಾಸ್ತಿ ಮಾಡಿಸಿ. ಸ್ಲೈಡ್‌ಗಳು ಮೇಸ್ತ್ರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಹೋಗಿ ಬಂದವರು ತಮ್ಮ ಸೈಟಿನಲ್ಲಿ ಬೆಳಗಿನ ಟೂಲ್‌ಬಾಕ್ಸ್ ಮಾತಿನ, ಅಂದರೆ ಕೆಲಸ ಶುರುವಿಗೆ ಮುಂಚೆ ಎಲ್ಲರೂ ಸೇರುವ ಚಿಕ್ಕ ಸಭೆಯ ಹೊತ್ತಿಗೆ ನೋಡಿದ್ದನ್ನು ಮಾಡಿ ತೋರಿಸಬೇಕು ಅಂತ ಷರತ್ತು ಹಾಕಿ. ಒಬ್ಬರು ಕಂಡದ್ದು ನಲವತ್ತು ಜನಕ್ಕೆ ಮುಟ್ಟುವುದು ಅಲ್ಲಿಯೇ. ಕಾಂಕ್ರೀಟ್ ಸುರಿಯುವ ಗಡಿಬಿಡಿ ಇರುವ ತಿಂಗಳಲ್ಲಿ ಮಾತ್ರ ದಿನಾಂಕ ಇಡಬೇಡಿ, ಆಗ ಯಾವ ಸೈಟಿನಿಂದಲೂ ಯಾರನ್ನೂ ಬಿಡುವುದಿಲ್ಲ.

ಮುಂದಿನ ಸಲ ಆಹ್ವಾನ ಪತ್ರಿಕೆ ನಿಮ್ಮ ಟೇಬಲ್ಲಿಗೆ ಬಂದಾಗ, ಒಪ್ಪಿಗೆ ಕೊಡುವ ಮೊದಲು ನೋಂದಾಯಿಸಿದವರ ಪಟ್ಟಿ ತರಿಸಿ ನೋಡಿ. ಹೆಸರಿನ ಮುಂದೆ ಕಸುಬು ಬರೆದಿರುತ್ತದೆ. ಅದರಲ್ಲಿ ಮೇಸ್ತ್ರಿ, ಬಾರ್ ಬೆಂಡರ್, ಪ್ಲಂಬರ್, ಸೆಂಟ್ರಿಂಗ್ ಅನ್ನುವ ಕಸುಬು ಎಷ್ಟಿವೆ ಎಣಿಸಿ, ಆಮೇಲೆ ಅನುದಾನದ ಕಡತಕ್ಕೆ ಸಹಿ ಹಾಕಿ.

ಇಂತಿ,
ಒಬ್ಬ ಸೈಟ್ ಎಂಜಿನಿಯರ್