ಉದ್ದ ಜಿಗಿತಕ್ಕೆ ಸಡಿಲ ಮರಳು ಬೇಕು

ಮಾನ್ಯ ಸಂಪಾದಕರೇ,

ಈಚೆಗೆ ತಾಲ್ಲೂಕು ಮಟ್ಟದ ಕ್ರೀಡಾಕೂಟವೊಂದರಲ್ಲಿ, ಮಳೆಗೆ ಗಟ್ಟಿಯಾಗಿದ್ದ ಗುಂಡಿಯ ಮರಳನ್ನು ಅಗೆದು ಸಡಿಲಗೊಳಿಸದೆಯೇ ಉದ್ದ ಜಿಗಿತದ ಸ್ಪರ್ಧೆ ನಡೆಸಿದ್ದನ್ನು ಕಂಡು ಬಹಳ ನೋವಾಯಿತು. ಬಾಲಕಿಯೊಬ್ಬಳ ಕಾಲು ಉಳುಕಿತು. ನಿಯಮದಂತೆ, ಓಡಿಬಂದು ಕಾಲೂರಿ ಜಿಗಿಯಲು 20 ಸೆಂಟಿಮೀಟರ್ ಅಗಲದ ಹಲಗೆ ಇರಬೇಕಾದಲ್ಲಿ ಸುಣ್ಣದ ಗೆರೆಯಷ್ಟೇ ಇತ್ತು. ಅದು ಎರಡೇ ಜಿಗಿತಗಳಿಗೆ ಅಳಿಸಿಹೋದ ಮೇಲೆ ಫೌಲ್ ಯಾವುದು, ಅಳತೆ ಎಲ್ಲಿಂದ ಎಂದು ಹೇಳುವವರೇ ಇರಲಿಲ್ಲ.

2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದ ಅಂಜು ಬಾಬಿ ಜಾರ್ಜ್ ಅವರ ಬೆಂಗಳೂರಿನ ಅಕಾಡೆಮಿಯಲ್ಲಿ ಪಳಗಿದ ಶೈಲಿ ಸಿಂಗ್, 2021ರಲ್ಲಿ ನೈರೋಬಿಯ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ ಚಿನ್ನ ಕಳೆದುಕೊಂಡದ್ದು ಒಂದೇ ಸೆಂಟಿಮೀಟರ್ ಅಂತರದಿಂದ. ಇಷ್ಟು ಸೂಕ್ಷ್ಮವಾದ ಸ್ಪರ್ಧೆಗೆ ಹಲಗೆ, ಸಡಿಲ ಮರಳು ಮತ್ತು ಸರಿಯಾದ ಅಳತೆ ಪಟ್ಟಿಯನ್ನು ಶಾಲಾ ಶಿಕ್ಷಣ ಇಲಾಖೆಯು ಪ್ರತಿ ಕೂಟಕ್ಕೂ ಮುನ್ನವೇ ಖಾತರಿಪಡಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ