ಕಾಡಿನ ದಾರಿ ಹೇಗಿದೆ ಅಂತ ಮೊದಲೇ ತೋರಿಸಿ, ನನ್ನ ಮಗಳೂ ಬರುತ್ತಾಳೆ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಒಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ. ಮೊಬೈಲ್ ಬಿಡಿಸಿ, ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ, ನಾಲ್ಕು ಹಕ್ಕಿ ತೋರಿಸಿ. ಒಳ್ಳೆಯ ಮಾತೇ, ನನ್ನದೇನೂ ತಕರಾರಿಲ್ಲ. ಆದರೆ ಅಲ್ಲಿಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದನ್ನು ನನ್ನ ಮಗಳಂಥ ಮಕ್ಕಳ ಅಪ್ಪ ಅಮ್ಮನೇ ಹೇಳಬೇಕು. ಅದಕ್ಕೇ ಈ ಪತ್ರ.

ನನ್ನ ಮಗಳಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ. ಮಾತು ಕಡಿಮೆ. ಮನಸ್ಸು ನೆಮ್ಮದಿಯಾಗಿದ್ದಾಗ ಎರಡು ಮೂರು ಪದ ಜೋಡಿಸಿ ಹೇಳುತ್ತಾಳೆ, ಗಾಬರಿಯಾದರೆ ಅದೂ ಇಲ್ಲ. ಎರಡು ವರ್ಷದ ಹಿಂದೆ ಮೊದಲ ಸಲ ಅವಳನ್ನು ಒಂದು ಕಾಡಿಗೆ ಕರೆದುಕೊಂಡು ಹೋದೆವು. ಗೈಡ್ ಜೊತೆ ಗುಂಪಿನಲ್ಲಿ ನಡೆಯುವ ಕಾರ್ಯಕ್ರಮ. 'ಕೆರೆ ನೋಡೋಣ' ಅಂತ ಹೇಳಿ ಹೊರಡಿಸಿದ್ದೆ, ದಾರಿಯುದ್ದಕ್ಕೂ 'ಕೆರೆ, ಕೆರೆ' ಅನ್ನುತ್ತಲೇ ಬಂದಳು. ಗೇಟಿನ ಹತ್ತಿರ ಹೋದ ಮೇಲೆ ಗೊತ್ತಾಯಿತು, ಕೆರೆಯ ದಾರಿ ಅವತ್ತು ಮುಚ್ಚಿದೆ, ಬೇರೆ ಕಡೆ ಕರೆದುಕೊಂಡು ಹೋಗುತ್ತಾರಂತೆ. ನಮಗೆ ಅದು ಏನೂ ಅಲ್ಲ. ಅವಳಿಗೆ ಕಾಲ ಕೆಳಗಿನ ನೆಲವೇ ಕುಸಿದ ಹಾಗೆ. ಅಷ್ಟರಲ್ಲಿ ಎಲ್ಲರನ್ನೂ ಒಟ್ಟು ಸೇರಿಸಲು ಗೈಡ್ ಜೋರಾಗಿ ಸೀಟಿ ಊದಿದರು. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು, ಕಿರುಚಲು ಶುರುಮಾಡಿದಳು, ನನ್ನ ಕೈಯನ್ನೂ ಮುಟ್ಟಗೊಡಲಿಲ್ಲ. ಹಿಂದೆ ನಿಂತಿದ್ದ ಒಬ್ಬರು 'ಎರಡು ಬಿಟ್ರೆ ಸರಿಹೋಗ್ತಾಳೆ' ಎಂದರು. ಗೈಡ್ ಮಾತ್ರ ಮೆಲ್ಲಗೇ ಹೇಳಿದರು, 'ಮೇಡಂ, ಗುಂಪಿನ ಜೊತೆ ಬರೋಕೆ ಆಗ್ದಿದ್ರೆ ನೀವು ಹೊರಗೆ ಕಾಯಬೇಕಾಗುತ್ತೆ.' ಕಾದೆವು. ಒಂದೂವರೆ ಗಂಟೆ, ಪಾರ್ಕಿಂಗ್ ಜಾಗದಲ್ಲಿ.

ಅದು ಹಠ ಅಲ್ಲ, ಸಂಪಾದಕರೇ. ಹಠ ಮಾಡುವ ಮಗುವಿಗೆ ಏನೋ ಬೇಕಿರುತ್ತದೆ, ಕೊಟ್ಟರೆ ನಿಲ್ಲುತ್ತದೆ. ಇಲ್ಲಿ ಮಗುವಿಗೆ ಬೇಕಾಗಿರುವುದು ಆ ಸದ್ದು, ಆ ಬೆಳಕು, ಆ ಗೊಂದಲ ನಿಲ್ಲುವುದು, ಅಷ್ಟೇ. ಸದ್ದು, ಬೆಳಕು, ಸ್ಪರ್ಶ ಈ ಮಕ್ಕಳಿಗೆ ನಮಗಿಂತ ಜಾಸ್ತಿ ತಟ್ಟಬಹುದು, ಕೆಲವರಿಗೆ ತೀರಾ ಕಡಿಮೆಯೂ ತಟ್ಟಬಹುದು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5ರಲ್ಲಿ ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಗೇ ಇದನ್ನು ಸೇರಿಸಿದ್ದಾರೆ. ಅಂದರೆ ಇದು ಅಮ್ಮಂದಿರ ಮುದ್ದಿನಿಂದ ಬಂದ ಸಮಸ್ಯೆ ಅಲ್ಲ.

ಆಮೇಲೆ ಒಂದು ವರ್ಷ ಕಾಡಿನ ಹೆಸರೇ ಎತ್ತಲಿಲ್ಲ. ಧೈರ್ಯ ಬರಲಿಲ್ಲ.

ಕೊನೆಗೆ ಒಂದು ದಿನ ನಾನೊಬ್ಬಳೇ ಅದೇ ಕಾಡಿಗೆ ಹೋದೆ. ಅವಳ ಕಣ್ಣಿನ ಎತ್ತರಕ್ಕೆ ಬಗ್ಗಿ ಫೋಟೊ ತೆಗೆದೆ. ಗೇಟು, ಟಿಕೆಟ್ ಕೊಡುವ ಕಿಟಕಿ, ಟಾಯ್ಲೆಟ್, ಬೇರು ಎದ್ದಿರುವ ಜಾಗ, ಮರದ ಚಿಕ್ಕ ಸೇತುವೆ, ಬೆಂಚು, ಕೆರೆ. ಒಟ್ಟು ಹದಿನಾಲ್ಕು ಫೋಟೊ. ಪ್ರಿಂಟ್ ಹಾಕಿಸಿ ಸಣ್ಣ ಆಲ್ಬಮ್ ಮಾಡಿದೆ. ಕೊನೆಯ ಪುಟದಲ್ಲಿ ನಮ್ಮ ಮನೆಯ ಬಾಗಿಲು, ಯಾಕೆಂದರೆ ವಾಪಸ್ ಬರುತ್ತೇವೆ ಅನ್ನುವುದು ಅವಳಿಗೆ ಖಾತ್ರಿಯಾಗಬೇಕು. ಒಂದು ವಾರ ದಿನಾ ರಾತ್ರಿ ಆ ಪುಟಗಳನ್ನು ತಿರುವಿದಳು. ಆಮೇಲೆ ವಾರದ ನಡುವೆ, ಜನ ಕಡಿಮೆ ಇರುವ ಬೆಳಗ್ಗೆ ಹೋದೆವು. ಸದ್ದು ತಡೆಯುವ ಹೆಡ್‌ಫೋನ್ ಕುತ್ತಿಗೆಗೆ ನೇತುಹಾಕಿದ್ದೆ.

ಸೇತುವೆ ಬಂದಾಗ ಆಲ್ಬಮ್ ತೆಗೆದು ಫೋಟೊ ಮೇಲೆ ಬೆರಳಿಟ್ಟಳು, ಆಮೇಲೆ ನಿಜವಾದ ಸೇತುವೆಯನ್ನು ಮುಟ್ಟಿದಳು. ನಕ್ಕಳು. ಅದನ್ನು ದಾಟಿ ಹತ್ತು ಹೆಜ್ಜೆ ಹೋಗಿರಬಹುದು, ಒಂದು ದೊಡ್ಡ ಮರದ ಹತ್ತಿರ ನಿಂತುಬಿಟ್ಟಳು. ತೊಗಟೆಗೆ ಕೆನ್ನೆ ಒತ್ತಿದಳು. ನಾವು ಮುಟ್ಟಿದರೆ ಬೆಚ್ಚಿಬೀಳುವ ಮಗು, ಆ ಒರಟು ತೊಗಟೆಗೆ ತಾನಾಗಿ ಮುಖ ಕೊಟ್ಟಿದೆ! ಆಮೇಲೆ ತರಗೆಲೆ ಸರಿಸಿ ಮಣ್ಣನ್ನು ಮೂಸಿದಳು. ಬುಡದಲ್ಲಿ ಇರುವೆ ಸಾಲು ಹೋಗುತ್ತಿತ್ತು, ಒಂದು ಇರುವೆ ತನಗಿಂತ ದೊಡ್ಡದಾದ ಒಣ ಎಲೆಯ ಚೂರನ್ನು ಹೊತ್ತು ಬೇರಿನ ಮೇಲೆ ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಅವಳು ಹೊಟ್ಟೆ ಮೇಲೆ ಮಲಗಿ ಅದನ್ನೇ ನೋಡಿದಳು. ನಲವತ್ತು ನಿಮಿಷ. ಟೇಬಲ್ಲಿನ ಮುಂದೆ ಐದು ನಿಮಿಷ ಕೂರುವುದಿಲ್ಲ ಅಂತ ದೂರು ಕೇಳಿ ಕೇಳಿ ಸಾಕಾಗಿರುವ ಅಮ್ಮ ನಾನು. ಕೊನೆಗೆ ಇರುವೆ ಬೇರಿನ ಸಂದಿಯೊಳಗೆ ಹೋಯಿತು. 'ಇರುವೆ ಮನೆಗೆ ಹೋಯ್ತು' ಎಂದಳು. ಮೂರು ಪದ, ಯಾರೂ ಹೇಳಿಕೊಡದೆ, ಯಾರೂ ಕೇಳದೆ.

ಅವತ್ತು ನಾವು ನಡೆದದ್ದು ಇನ್ನೂರು ಮೀಟರ್ ಇರಬಹುದು. ಕೆರೆ ತನಕ ಹೋಗಲೇ ಇಲ್ಲ. ಅವಳೇ ಆಲ್ಬಮ್‌ನ ಕೊನೆಯ ಪುಟ ತೆಗೆದು ತೋರಿಸಿದಳು, ವಾಪಸ್ ಬಂದೆವು.

ಅದೇ ಕಾಡು, ಅದೇ ಮಗು. ಬದಲಾಗಿದ್ದು ಎರಡೇ. ಮುಂದೆ ಏನಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಮತ್ತು ಅವಳನ್ನು ಯಾರೂ ಅವಸರ ಮಾಡಲಿಲ್ಲ.

ಹಸಿರಿನ ನಡುವೆ ಓಡಾಡುವುದರಿಂದ ಮಕ್ಕಳಿಗೆ ಒಳ್ಳೆಯದು ಅನ್ನುವುದಕ್ಕೆ ಅಧ್ಯಯನಗಳೂ ಇವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ಸ್ಥಿತಿ) ಇರುವ 7ರಿಂದ 12 ವರ್ಷದ 17 ಮಕ್ಕಳನ್ನು ಮೂರು ಬೇರೆ ಬೇರೆ ಜಾಗದಲ್ಲಿ ತಲಾ 20 ನಿಮಿಷ ನಡೆಸಿದರು. ಪೇಟೆಯಲ್ಲಿ, ಮನೆಗಳಿರುವ ಬೀದಿಯಲ್ಲಿ ನಡೆದಾಗಿನದಕ್ಕಿಂತ ಪಾರ್ಕಿನಲ್ಲಿ ನಡೆದ ಮೇಲೆ ಮಕ್ಕಳ ಗಮನ ಚೆನ್ನಾಗಿ ನಿಂತಿತ್ತು. 2009ರಲ್ಲಿ ಅದು ಪ್ರಕಟವಾಯಿತು. ಸಣ್ಣ ಅಧ್ಯಯನ, ಕಾಡಲ್ಲ ಪಾರ್ಕು, ನನ್ನ ಮಗಳಿಗಿರುವುದು ಎಡಿಎಚ್‌ಡಿಯೂ ಅಲ್ಲ, ಆದ್ದರಿಂದ ಇದನ್ನೇ ಹಿಡಿದು ಕಾಡು ಎಲ್ಲವನ್ನೂ ಗುಣ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿ ದುಡ್ಡು ಕೀಳುವವರನ್ನು ನಂಬಲೂಬೇಡಿ. ಗುಣ ಆಗಲಿ ಎಂದು ನಾವು ಅವಳನ್ನು ಕರೆದುಕೊಂಡು ಹೋಗುವುದಲ್ಲ, ಅವಳಿಗೆ ಇಷ್ಟ ಅಂತ ಹೋಗುವುದು. ಬೇರೆ ಮಕ್ಕಳೂ ಅದಕ್ಕೇ ಅಲ್ವಾ ಹೋಗುವುದು?

ಈಗ ಕಾಡು, ಉದ್ಯಾನ ನೋಡಿಕೊಳ್ಳುವವರಲ್ಲಿ ನನ್ನ ಬೇಡಿಕೆ. ನಾನು ತೆಗೆದ ಆ ಫೋಟೊಗಳನ್ನು ನೀವೇ ತೆಗೆದು ಇಂಟರ್‌ನೆಟ್‌ನಲ್ಲಿ ಹಾಕಿ. ದಾರಿ ಎಷ್ಟು ಉದ್ದ, ಎಲ್ಲಿ ಸದ್ದು ಜಾಸ್ತಿ, ಟಾಯ್ಲೆಟ್ ಎಲ್ಲಿ, ಅಲ್ಲಿ ಕೈ ಒಣಗಿಸುವ ಯಂತ್ರ ಇದೆಯಾ (ಆ ಸದ್ದಿಗೆ ಹೆದರಿ ಟಾಯ್ಲೆಟ್‌ಗೇ ಹೋಗದ ಮಕ್ಕಳಿದ್ದಾರೆ), ಅರ್ಧದಲ್ಲಿ ಹೊರಗೆ ಬರುವ ದಾರಿ ಇದೆಯಾ, ಇಷ್ಟು ಬರೆಯಿರಿ. ದಾರಿ ಮುಚ್ಚಿದ್ದರೆ ಹಿಂದಿನ ದಿನವೇ ತಿಳಿಸಿ. ನೀರು, ರಸ್ತೆ ಎಲ್ಲಿದೆ, ಬೇಲಿ ಎಲ್ಲಿ ಇಲ್ಲ ಅನ್ನುವುದನ್ನು ನಕ್ಷೆಯಲ್ಲಿ ದಪ್ಪಕ್ಷರದಲ್ಲಿ ಗುರುತು ಮಾಡಿ. ಇದು ಸಣ್ಣ ವಿಷಯ ಅಲ್ಲ. 2012ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಸಮೀಕ್ಷೆಯ ಪ್ರಕಾರ ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ದೊಡ್ಡವರ ಕಣ್ಣು ತಪ್ಪಿಸಿ ಹೊರಟುಹೋಗಲು ನೋಡಿದ್ದಾರೆ. ನೀರೆಂದರೆ ಪ್ರಾಣ ಬಿಡುವ ಮಗಳ ಅಮ್ಮನಿಗೆ ಕೆರೆ ಎಷ್ಟು ದೂರ ಅನ್ನುವುದು ಮೊದಲು ಗೊತ್ತಿರಬೇಕು.

ಇದಕ್ಕೆ ಬೇರೆ ಕಟ್ಟಡ ಬೇಡ. ಮೂಲೆಯಲ್ಲೊಂದು ವಿಶೇಷ ತೋಟ ಮಾಡಿ ಅದರೊಳಗೆ ನಮ್ಮ ಮಕ್ಕಳನ್ನು ಬಿಡುವುದೂ ಬೇಡ. ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 30ನೇ ವಿಧಿಯಲ್ಲೇ ಇದೆ, ಆಟ, ವಿಹಾರ, ಬಿಡುವಿನ ಚಟುವಟಿಕೆಗಳಲ್ಲಿ ಈ ಮಕ್ಕಳಿಗೂ ಬೇರೆ ಮಕ್ಕಳಷ್ಟೇ ಅವಕಾಶ ಇರಬೇಕು ಎಂದು. ಶಾಲೆಯ ಚಟುವಟಿಕೆಗಳೂ ಅದರಲ್ಲಿ ಸೇರಿವೆ. ಶಾಲೆಯ ಟ್ರಿಪ್ ದಿನ 'ಇವತ್ತು ಅವಳು ಮನೆಯಲ್ಲೇ ಇದ್ರೆ ಒಳ್ಳೇದು' ಎಂದು ಫೋನ್ ಮಾಡುವ ಟೀಚರ್‌ಗಳು ಇದನ್ನೂ ಗಮನಿಸಬೇಕು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಒಬ್ಬರಿಗೆ ಮೂವತ್ತು ಮಕ್ಕಳನ್ನು ನೋಡಿಕೊಳ್ಳಲು ಆಗುವುದಿಲ್ಲ. ಜೊತೆಗೆ ಒಬ್ಬರನ್ನು ಕೊಡಿ ಎಂದು ಶಾಲೆಯನ್ನು ಕೇಳಿ, ನಾವೂ ನಿಮ್ಮ ಪರ ಕೇಳುತ್ತೇವೆ.

ಕಾಡಿಗೆ ಬರುವ ಉಳಿದವರಲ್ಲಿ ಕೇಳುವುದು ಸ್ವಲ್ಪವೇ. ಮಗು ನೆಲದ ಮೇಲೆ ಕೂತು ಅಳುತ್ತಿದ್ದರೆ ಸುತ್ತ ನಿಂತು ನೋಡಬೇಡಿ, ಬುದ್ಧಿ ಹೇಳಬೇಡಿ. ಸುಮ್ನೆ ದಾಟಿಕೊಂಡು ಹೋಗಿ. ತೀರಾ ಮನಸ್ಸು ತಡೆಯದಿದ್ದರೆ ಅಮ್ಮನ ಹತ್ತಿರ 'ಏನಾದ್ರೂ ಬೇಕಾ' ಎಂದು ಮೆಲ್ಲಗೆ ಕೇಳಿ.

ನನ್ನ ಹದಿನಾಲ್ಕು ಫೋಟೊಗಳ ಒಂದು ಪ್ರತಿಯನ್ನು ಆ ಕಾಡಿನ ಕಚೇರಿಗೆ ಕೊಟ್ಟು ಬಂದಿದ್ದೇನೆ. ಗೇಟಿನ ಹತ್ತಿರ ಹಾಕುತ್ತೇವೆ ಎಂದಿದ್ದಾರೆ. ಇನ್ನೂ ಹಾಕಿಲ್ಲ. ಮುಂದಿನ ತಿಂಗಳು ಮಗಳ ಜೊತೆ ಮತ್ತೆ ಹೋಗುತ್ತಿದ್ದೇನೆ, ಆಗ ಕೇಳುತ್ತೇನೆ.

ಇಂತಿ,
ಒಬ್ಬ ತಾಯಿ